ಅಳೆದವರ ಮಾತು ಕಡಲಿಗೆ ತಲುಪಬೇಕು

2004ರ ಡಿಸೆಂಬರ್ 26 ಭಾನುವಾರವಾಗಿತ್ತು. ಕ್ರಿಸ್ಮಸ್ ಹಬ್ಬದ ಮರುದಿನ. ವೇಲಾಂಕಣಿಯ ಆರೋಗ್ಯ ಮಾತೆಯ ಸನ್ನಿಧಿಯಲ್ಲಿ ದೂರದೂರುಗಳಿಂದ ಬಂದ ಯಾತ್ರಿಕರು ನೆರೆದಿದ್ದರು. ಅಂದು ಬೆಳಿಗ್ಗೆ ಆರೂವರೆಯ ಸುಮಾರಿಗೆ ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ ಕಡಲ ತಳ ಬಿರಿಯಿತು. ಒಂಬತ್ತು ಗಂಟೆ ದಾಟಿದ ಮೇಲೆ ಅಲೆಗಳು ತಮಿಳುನಾಡಿನ ಆ ತೀರಕ್ಕೆ ಅಪ್ಪಳಿಸಿದವು. ಕಡಲಂಚಿಗೆ ಹೋಗಿದ್ದ ನೂರಾರು ಯಾತ್ರಿಕರು ಮರಳಿ ಬರಲಿಲ್ಲ.

ನಡುವೆ ಎರಡು ತಾಸಿಗೂ ಹೆಚ್ಚಿನ ಕಾಲಾವಕಾಶವಿತ್ತು. ಹವಾಯಿ ದ್ವೀಪದ ಸುನಾಮಿ ಎಚ್ಚರಿಕೆ ಕೇಂದ್ರದವರು ಕೆಲವೇ ನಿಮಿಷಗಳಲ್ಲಿ ಭೂಕಂಪವನ್ನು ಗುರುತಿಸಿದ್ದರು. ಆದರೆ ಅವರ ವ್ಯವಸ್ಥೆ ರೂಪುಗೊಂಡಿದ್ದು ಪೆಸಿಫಿಕ್ ಸಾಗರಕ್ಕಾಗಿ. ಹಿಂದೂ ಮಹಾಸಾಗರದ ತೀರಗಳಲ್ಲಿ ಆ ಸುದ್ದಿಯನ್ನು ಸ್ವೀಕರಿಸಿ ಬೀದಿಬೀದಿಗೆ ಮುಟ್ಟಿಸುವ ಏರ್ಪಾಡೇ ಇರಲಿಲ್ಲ. ಗುರುಮಠದಲ್ಲಿ ನಮಗೆ ತತ್ತ್ವಶಾಸ್ತ್ರ ಕಲಿಸುತ್ತಿದ್ದಾಗ ಅರಿಸ್ಟಾಟಲನನ್ನು ಓದಿದ್ದೆವು. ನೆಲದೊಳಗೆ ಸಿಕ್ಕಿಕೊಂಡ ಗಾಳಿಯೇ ಭೂಕಂಪಕ್ಕೆ ಕಾರಣವೆಂದು ಅವನು ತಿಳಿದಿದ್ದ. ಅವನ ತಪ್ಪಿಗೆ ನಾವು ನಗುತ್ತಿದ್ದೆವು. 2004ರಲ್ಲಿ ಕಾರಣ ನಮಗೆ ತಿಳಿದಿತ್ತು, ಅಳತೆಯೂ ದೊರೆತಿತ್ತು. ತೀರದಲ್ಲಿ ನಿಂತವನಿಗೆ ಮಾತ್ರ ಅವೆರಡರಿಂದ ಯಾವ ಪ್ರಯೋಜನವೂ ಆಗಲಿಲ್ಲ.

ಈ ಸಂದರ್ಭದಲ್ಲಿ ಯೇಸುಸಭೆಯ ಗುರುಗಳಾದ ಫಾದರ್ ಬೆನಿಟೊ ವಿನ್ಯೆಸ್ ಅವರನ್ನು ಓದುಗರಿಗೆ ಪರಿಚಯಿಸಬೇಕೆನಿಸುತ್ತದೆ. ಸ್ಪೇನ್ ದೇಶದ ಈ ಗುರುಗಳು 1870ರಲ್ಲಿ ಕ್ಯೂಬಾದ ಹವಾನಾ ನಗರಕ್ಕೆ ಬಂದು, ಅಲ್ಲಿನ ಬೆಲೆನ್ ಕಾಲೇಜಿನ ವೀಕ್ಷಣಾಲಯದ ಹೊಣೆ ಹೊತ್ತರು. ಉಪಗ್ರಹವಿಲ್ಲದ, ರೇಡಿಯೋ ಇಲ್ಲದ ಕಾಲ. ವಾಯುಭಾರಮಾಪಕ, ಗಾಳಿಯ ದಿಕ್ಕು, ಇವುಗಳ ಜೊತೆಗೆ ಅವರು ಎಲ್ಲಕ್ಕಿಂತ ಹೆಚ್ಚಾಗಿ ನೋಡುತ್ತಿದ್ದುದು ಮೋಡಗಳನ್ನು. ಚಂಡಮಾರುತದಲ್ಲಿ ಕೆಳಮಟ್ಟದ ಗಾಳಿ ಸುತ್ತುತ್ತ ಕೇಂದ್ರದೊಳಕ್ಕೆ ನುಗ್ಗುತ್ತದೆ, ಬಹು ಎತ್ತರದಲ್ಲಿ ಅದೇ ಗಾಳಿ ಹೊರಕ್ಕೆ ಹರಡುತ್ತದೆ. ಆದ್ದರಿಂದ ಗರಿಯಂತೆ ಚಾಚಿಕೊಂಡ ಎತ್ತರದ ಬಿಳಿಮೋಡಗಳು ಎಲ್ಲಿಂದ ಹೊರಟಂತೆ ಕಾಣುತ್ತವೆಯೋ, ಬಿರುಗಾಳಿಯ ಕೇಂದ್ರವನ್ನು ಆ ದಿಕ್ಕಿನಲ್ಲಿ ಹುಡುಕಬೇಕು ಎಂಬುದನ್ನು ಅವರು ವರ್ಷಗಟ್ಟಲೆ ಆಕಾಶ ನೋಡಿ ಕಂಡುಕೊಂಡರು. 1875ರ ಸೆಪ್ಟೆಂಬರ್ 11ರಂದು ಅವರ ಮುನ್ಸೂಚನೆ ಹವಾನಾದಲ್ಲಿ ಪ್ರಕಟವಾಯಿತು. ಎರಡು ದಿನಗಳ ಬಳಿಕ ಬಿರುಗಾಳಿ ಕ್ಯೂಬಾವನ್ನು ಹೊಕ್ಕಿತು. ಅನಂತರ ಅದೇ ಗಾಳಿ ಅಮೆರಿಕದ ಟೆಕ್ಸಾಸ್ ತೀರದ ಇಂಡಿಯನೋಲಾ ಎಂಬ ಪಟ್ಟಣವನ್ನು ಹಾಳುಗೆಡವಿತು.

ನನ್ನ ಗೌರವ ಇನ್ನೂ ಹೆಚ್ಚುವುದು ಅವರ ಮುಂದಿನ ಕಾರ್ಯದಿಂದ. ಹಾನಿಗೊಳಗಾದ ಊರುಗಳಿಗೆ ಸ್ವತಃ ಹೋಗಿ, ಬಿದ್ದ ಮರಗಳ ದಿಕ್ಕನ್ನು ಗುರುತಿಸಿ, ಕಂಡವರ ಮಾತನ್ನು ಕೇಳಿ ಬರೆದುಕೊಂಡರು. ದ್ವೀಪದ್ವೀಪಗಳಲ್ಲಿ ವೀಕ್ಷಕರನ್ನು ಸಂಘಟಿಸಿ, ಅವರ ವರದಿಗಳು ತಂತಿಯ ಮೂಲಕ ಹವಾನಾಕ್ಕೆ ಬರುವಂತೆ ಮಾಡಿದರು. ಅದೇ ಕಾಲದಲ್ಲಿ, 1879ರಲ್ಲಿ, ಮನಿಲಾದಿಂದ ಫಾದರ್ ಫೆದೆರಿಕೊ ಫಾವ್ರಾ ಅವರೂ ಇಂಥದೇ ಎಚ್ಚರಿಕೆ ಹೊರಡಿಸಿದ್ದರು.

ವಿನ್ಯೆಸ್ ಅವರು 1893ರಲ್ಲಿ ತೀರಿಕೊಂಡರು. ಏಳು ವರ್ಷಗಳ ಬಳಿಕ ನಡೆದ ಪ್ರಸಂಗ ವ್ಯಥೆಯನ್ನುಂಟುಮಾಡುತ್ತದೆ. ಆಗ ಕ್ಯೂಬಾ ಅಮೆರಿಕದ ಹಿಡಿತದಲ್ಲಿತ್ತು. ಕ್ಯೂಬಾದವರ ಬಿರುಗಾಳಿ ಸಂದೇಶಗಳು ಸರಕಾರದ ತಂತಿಯಲ್ಲಿ ಹೋಗಕೂಡದೆಂದು 1900ರ ಆಗಸ್ಟ್ ಕೊನೆಯಲ್ಲಿ ತಡೆ ಬಿತ್ತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದು ಬಿರುಗಾಳಿ ಕ್ಯೂಬಾವನ್ನು ದಾಟಿದಾಗ, ಅದು ಉತ್ತರಕ್ಕೆ ತಿರುಗಿ ಫ್ಲಾರಿಡಾದತ್ತ ಹೋಗುವುದೆಂದು ಅಮೆರಿಕದ ಹವಾಮಾನ ಇಲಾಖೆ ನಂಬಿತು. ಬೆಲೆನ್ ವೀಕ್ಷಣಾಲಯದ ಫಾದರ್ ಗಂಗೋಯ್ತೆ ಅದು ಬಲಗೊಂಡು ಟೆಕ್ಸಾಸಿನತ್ತ ಸಾಗುವುದೆಂದು ತಿಳಿದರು. ಸೆಪ್ಟೆಂಬರ್ 8ರಂದು ಟೆಕ್ಸಾಸಿನ ಗ್ಯಾಲ್ವೆಸ್ಟನ್ ನಗರದ ಮೇಲೆ ಕಡಲು ಏರಿತು. ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ 8,000 ಎಂದು ಅಂದಾಜಿಸುತ್ತಾರೆ. ತಂತಿ ತೆರೆದಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರೆಂದು ಹೇಳುವುದು ನನ್ನಿಂದಾಗದು. ಸ್ಪರ್ಧೆಯ ಅಹಂಕಾರವು ತನಗಿಂತ ಹೆಚ್ಚು ಅನುಭವವುಳ್ಳವರ ಬಾಯಿ ಕಟ್ಟಿತ್ತೆಂಬುದಂತೂ ನಿಜ.

ನಮ್ಮ ದೇಶ 2004ರಿಂದ ಪಾಠ ಕಲಿತಿಲ್ಲವೆನ್ನಲಾಗದು. 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಆರಂಭವಾಯಿತು. ಕಡಲ ತಳದ ಒತ್ತಡವನ್ನು ಅಳೆಯುವ ಉಪಕರಣಗಳು, ನೀರಿನ ಮೇಲೆ ತೇಲುವ ಬುರುಡೆಗಳು, ಉಪಗ್ರಹಗಳು ಎಲ್ಲವೂ ಈಗ ಇವೆ. ಆದರೂ 2017ರ ನವೆಂಬರ್ ಕೊನೆಯಲ್ಲಿ ಒಕ್ಖಿ ಚಂಡಮಾರುತ ಬಂದಾಗ ಕನ್ಯಾಕುಮಾರಿ ಮತ್ತು ತಿರುವನಂತಪುರ ತೀರದ ಕ್ರೈಸ್ತ ಮೀನುಗಾರ ಕುಟುಂಬಗಳಲ್ಲಿ ಗೋಳು ತುಂಬಿತು. ವಾಯುಭಾರ ಕುಸಿತವೊಂದು ಸುಮಾರು ಒಂದೇ ದಿನದಲ್ಲಿ ಚಂಡಮಾರುತವಾಗಿ ಬೆಳೆದಿತ್ತು. ಆಳಕಡಲಿಗೆ ಹೋದವರು ವಾರಗಟ್ಟಲೆ ಅಲ್ಲಿಯೇ ಇರುವವರು. ಮೊಬೈಲ್ ಸಂಪರ್ಕವೋ ದಡದಿಂದ ಹತ್ತು ಹನ್ನೆರಡು ಕಿಲೋಮೀಟರಿಗೆ ಮುಗಿಯುತ್ತದೆ. ಎಚ್ಚರಿಕೆ ಹೊರಟಾಗ ಅದನ್ನು ಕೇಳಬೇಕಾದವರು ಕೇಳುವ ಅಳತೆಯಲ್ಲಿರಲಿಲ್ಲ. ಸತ್ತವರೂ ಕಾಣೆಯಾದವರೂ ನೂರಾರು. ಅನೇಕ ಮನೆಗಳಿಗೆ ಸಮಾಧಿ ಮಾಡಲು ಶರೀರವೂ ಸಿಗಲಿಲ್ಲ.

ಇದರ ಬಳಿಕ, 2019ರಲ್ಲಿ, ಜೆಮಿನಿ ಎಂಬ ಸಣ್ಣ ಉಪಕರಣ ಬಂತು. ಉಪಗ್ರಹದ ಸಂದೇಶವನ್ನು ಹಿಡಿದು ಮೀನುಗಾರನ ಮೊಬೈಲಿಗೆ ಕೊಡುವ ಪೆಟ್ಟಿಗೆ ಅದು. ದಡದಿಂದ 300 ನಾಟಿಕಲ್ ಮೈಲಿಯವರೆಗೂ ಮಾತು ತಲುಪುತ್ತದೆ. ಆದರೆ ಅದರಲ್ಲಿ ಕೇಳಬಹುದೇ ಹೊರತು ಮರುನುಡಿಯುವಂತಿಲ್ಲ. ಎರಡೂ ಕಡೆಯಿಂದ ಸಂದೇಶ ಕಳುಹಿಸಬಲ್ಲ ಉಪಕರಣಗಳನ್ನು ಒಂದು ಲಕ್ಷ ದೋಣಿಗಳಲ್ಲಿ ಉಚಿತವಾಗಿ ಅಳವಡಿಸುವ ಯೋಜನೆಗೆ 2024ರ ಆಗಸ್ಟಿನಲ್ಲಿ ಚಾಲನೆ ದೊರೆತಿದೆ. ಕರಾವಳಿ ರಾಜ್ಯಗಳೆಲ್ಲವೂ ಅದರಲ್ಲಿ ಸೇರಿವೆ, ನಮ್ಮ ಕರ್ನಾಟಕವೂ.

ಪರಿಚಯದ ಮೀನುಗಾರರೊಬ್ಬರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎರಡು ಸಲ ಗಾಳಿ ಬರುತ್ತದೆಂದು ಹೇಳಿದರು, ಬರಲಿಲ್ಲ, ಫಾದರ್. ಎರಡು ದಿನದ ಸಂಪಾದನೆ ಹೋಯಿತು. ಮೂರನೆಯ ಸಲ ಹೇಳಿದಾಗ ಮನೆಯಲ್ಲಿ ಅಕ್ಕಿ ಇರಲಿಲ್ಲ," ಎಂದರು. ಮೂರನೆಯ ಸಲ ಅವರು ಹೋದರೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.