ಆಮೆಗೊಂದು ಇರುಳ ಮನೆ

ಮನೆಯನ್ನು ಬೆನ್ನ ಮೇಲೆ ಹೊತ್ತು ತಿರುಗುವ ಪ್ರಾಣಿ ಎಂದೇ ನಾವು ಮಕ್ಕಳಿಗೆ ಆಮೆಯ ಪರಿಚಯ ಮಾಡಿಕೊಡುವುದು. ಆದ್ದರಿಂದ, ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳು ತಾನು ಸಾಕಿದ ಆಮೆಗಾಗಿ ಹಿತ್ತಿಲಲ್ಲಿ ಹಲಗೆಯ ಮನೆ ಕಟ್ಟಿಸಿ, ಅದಕ್ಕೆ ವಿದ್ಯುತ್ತನ್ನೂ ಕೊಡಿಸಿದ್ದನ್ನು ಕಂಡಾಗ ನನಗೆ ನಗು ಬಂತು. “ಮನೆಯಿದ್ದವನಿಗೆ ಇನ್ನೊಂದು ಮನೆ ಏತಕ್ಕಮ್ಮ?” ಎಂದೆ. “ಅದು ಮನೆಯಲ್ಲ ಮಾವ, ಅದರ ಎಲುಬು” ಎಂದಳು.

ಅವಳ ಮಾತು ಅಕ್ಷರಶಃ ನಿಜ. ಆಮೆಯ ಬೆನ್ನೆಲುಬೂ ಪಕ್ಕೆಲುಬುಗಳೂ ಬೆಸೆದುಕೊಂಡು ಚಿಪ್ಪಾಗಿವೆ. ಮೇಲಿರುವುದು ನಮ್ಮ ಉಗುರಿನಂಥ ಹೊದಿಕೆ. ಚಿಪ್ಪನ್ನು ಮುಟ್ಟಿದರೆ ಆಮೆಗೆ ತಿಳಿಯುತ್ತದೆ. ಶತ್ರುವಿನ ಹಲ್ಲಿನಿಂದ ಅದು ಕಾಪಾಡೀತು, ಚಳಿಯಿಂದ ಕಾಪಾಡಲಾರದು. ಕಂಬಳಿ ಹೊದ್ದರೆ ನಾವು ಬೆಚ್ಚಗಾಗುವುದು ನಮ್ಮ ಮೈಯೇ ಕಾವನ್ನು ಹುಟ್ಟಿಸುವುದರಿಂದ. ಆಮೆಗೆ ಬೇಕಾದ ಕಾವು ಹೊರಗಿನಿಂದಲೇ ಬರಬೇಕು. ಬಿಸಿಲು ಕಾಯಿಸಿಕೊಂಡು ಮೈ 30 ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಬಂದರೆ ಅದು ಚೆನ್ನಾಗಿ ಮೇಯುತ್ತದೆ, ತಿಂದದ್ದು ಅರಗುತ್ತದೆ. 10 ಡಿಗ್ರಿಗೆ ಇಳಿದರೆ ಹೊಟ್ಟೆಯ ಕೆಲಸ ನಿಂತಂತೆಯೇ.

ಅಲ್ಲಿನವರು ಹೆಚ್ಚಾಗಿ ಸಾಕುವುದು ಮೆಡಿಟರೇನಿಯನ್ ಸಮುದ್ರದ ಸುತ್ತಲ ನಾಡುಗಳ ನೆಲಆಮೆಗಳನ್ನು. ಅವುಗಳ ತವರಿನಲ್ಲಿಯೂ ರಾತ್ರಿ ತಂಪೇ. ಆದರೆ ಬೇಸಗೆಯ ನೆಲ ಒಣಗಿರುತ್ತದೆ, ಬೆಳಗಾದರೆ ಬಿಸಿಲು ಖಂಡಿತ. ಇಂಗ್ಲೆಂಡಿನಲ್ಲಿ ಇವೆರಡಕ್ಕೂ ಭರವಸೆಯಿಲ್ಲ. ಒಣ ಚಳಿಯನ್ನು ಆಮೆ ತಡೆದುಕೊಳ್ಳುತ್ತದೆ. ಚಳಿಯೂ ತೇವವೂ ಕೂಡಿ ರಾತ್ರಿಗಟ್ಟಲೆ ಕಾಡಿದರೆ ಮೂಗು ಸೋರತೊಡಗಿ, ಕಡೆಗೆ ಶ್ವಾಸಕೋಶ ಕೆಡುತ್ತದೆ. ನಮಗಿರುವಂತೆ ಎದೆಗೂ ಹೊಟ್ಟೆಗೂ ನಡುವೆ ವಪೆ ಅದಕ್ಕಿಲ್ಲ. ಕಫ ಕಟ್ಟಿದರೆ ಕೆಮ್ಮಿ ಹೊರಹಾಕುವ ಶಕ್ತಿ ಇಲ್ಲ.

ಇದನ್ನು ಆಮೆಯೇ ಬಲ್ಲದು. ಹದಿನೆಂಟನೆಯ ಶತಮಾನದಲ್ಲಿ ಹ್ಯಾಂಪ್‌ಷೈರಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿದ್ದ ಪಾದ್ರಿ ಗಿಲ್ಬರ್ಟ್ ವೈಟ್, ತನ್ನ ಸೋದರತ್ತೆ ಸಾಕಿದ್ದ ‘ತಿಮೊಥಿ’ ಎಂಬ ಆಮೆಯನ್ನು ವರ್ಷಗಟ್ಟಲೆ ಗಮನಿಸಿದ. ಆಕೆ ತೀರಿಕೊಂಡ ಮೇಲೆ 1780ರಲ್ಲಿ ಅದನ್ನು ಕುದುರೆಗಾಡಿಯಲ್ಲಿ 80 ಮೈಲಿ ದೂರದ ತನ್ನ ತೋಟಕ್ಕೆ ತಂದುಕೊಂಡ. ಭಾರದ ಗಾಡಿಯ ಚಕ್ರ ಹರಿದರೂ ತಡೆದೀತೆನ್ನುವಂಥ ಚಿಪ್ಪುಳ್ಳ ಪ್ರಾಣಿ ನಾಲ್ಕು ಹನಿ ಮಳೆಗೆ ಹೆದರಿ ಮೂಲೆ ಹುಡುಕುವುದನ್ನು ಕಂಡು ಅವನಿಗೆ ಸೋಜಿಗ. ಬೇಸಗೆಯ ದೀರ್ಘ ಹಗಲಿನಲ್ಲಿಯೂ ಸಂಜೆ ನಾಲ್ಕಕ್ಕೇ ಅದು ಮಲಗಿಬಿಡುತ್ತಿತ್ತಂತೆ. ಬೆಳಿಗ್ಗೆ ಏಳುವುದೂ ತಡ. 1789ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಇವೆಲ್ಲ ಇವೆ. ತಿಮೊಥಿ ಹೆಣ್ಣೆಂದು ಗೊತ್ತಾದದ್ದು ಅದು ಸತ್ತ ಎಷ್ಟೋ ಕಾಲದ ಮೇಲೆ, ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಚಿಪ್ಪಿನಿಂದ!

ಆಮೆ ತಾನೇ ಹುಡುಕುವ ಆ ಮೂಲೆಯನ್ನು ನಾವು ಒಣಗಿಸಿ, ಭದ್ರಪಡಿಸಿಕೊಡುವುದೇ ಇರುಳ ಮನೆ. ಒಂದು ಗೇಣು ಉದ್ದದ ಆಮೆಗೆ ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಪೆಟ್ಟಿಗೆ ಸಾಕು. ದೊಡ್ಡದಾದಷ್ಟೂ ಬೆಚ್ಚಗಿಡುವುದು ಕಷ್ಟ. ಹಲಗೆ ಮುಕ್ಕಾಲು ಅಂಗುಲವಾದರೂ ದಪ್ಪವಿರಬೇಕು. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಇಟ್ಟಿಗೆಗಳ ಮೇಲಿಟ್ಟು, ಹತ್ತಲು ಇಳಿಜಾರಾದ ಒರಟು ಹಲಗೆ ಜೋಡಿಸಬೇಕು. ನೀರು ಜಾರಿಹೋಗುವಂತೆ ಓರೆಯಾದ ಚಾವಣಿ. ಅದು ಮುಚ್ಚಳದಂತೆ ತೆರೆದುಕೊಂಡರೆ ಗುಡಿಸಲು ಅನುಕೂಲ. ಗಾಳಿಗೆಂದು ಮೇಲ್ಭಾಗದಲ್ಲಿ ತೂತು ಕೊರೆದು ತಂತಿಬಲೆ ಹೊಡೆಯುತ್ತಾರೆ. ಒಳಗೆ ಹುಲ್ಲು ಹಾಸುವ ರೂಢಿಯುಂಟು, ನನಗದು ಒಪ್ಪಿಗೆಯಿಲ್ಲ: ಸ್ವಲ್ಪ ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ. ನಾಲ್ಕೈದು ಅಂಗುಲ ಒಣಮಣ್ಣು ಹಾಕಿದರೆ ಆಮೆ ತನಗೆ ಬೇಕಾದಷ್ಟು ತೋಡಿಕೊಂಡು ಹುದುಗುತ್ತದೆ. ಬಾಗಿಲು ಪೂರ್ವಕ್ಕೋ ಆಗ್ನೇಯಕ್ಕೋ ಇರಲಿ. ವಾಸ್ತುಶಾಸ್ತ್ರದ ಮಾತಲ್ಲ ಇದು. ಎಳೆಬಿಸಿಲು ಹೊಸ್ತಿಲಿಗೇ ಬಿದ್ದರೆ ಆಮೆ ಬೇಗ ಹೊರಬೀಳುತ್ತದೆ.

ಬಾಗಿಲಿಗೆ ಅಗುಳಿ ಬೇಕೇಬೇಕು. ಒಂದು ರಾತ್ರಿ ನನ್ನ ಸೊಸೆ ಅಗುಳಿ ಹಾಕುವುದನ್ನು ಮರೆತಳು. ಇಲಿ ಒಳಹೊಕ್ಕು ಆಮೆಯ ಮುಂಗಾಲನ್ನು ಕಡಿಯಿತು. ತಣ್ಣಗಾದ ಆಮೆ ಓಡಲಾರದು, ಕೊಡಹಲಾರದು. ಕಾಲನ್ನು ಎಷ್ಟು ಒಳಗೆಳೆದುಕೊಂಡರೂ ಇಲಿಯ ಮೂತಿಗೆ ಸಂದು ಉಳಿದೇ ಇರುತ್ತದೆ. ವೈದ್ಯರು ಜೀವ ಉಳಿಸಿದರು, ಆದರೆ ಎರಡು ಉಗುರು ಹೋದವು. ಅಂದಿನಿಂದ ಅವಳು ಮಲಗುವ ಮುನ್ನ ಟಾರ್ಚು ಹಿಡಿದು ಹಿತ್ತಿಲಿಗೆ ಹೋಗಿ ಬರುತ್ತಾಳೆ.

ಕಾವಿಗೆ ದೀಪವಿಡಬಾರದು, ರಾತ್ರಿ ಕತ್ತಲೆಯೇ ಇರಬೇಕು. ಬೆಳಕು ಬೀರದ ಪಿಂಗಾಣಿಯ ಕಾವುಗೊಳವೆ ಸಿಗುತ್ತದೆ. ಆಮೆಗೆ ತಾಗದಂತೆ ಅದಕ್ಕೆ ತಂತಿಯ ಕಟಕಟೆ ಕಟ್ಟಿ, ಚಳಿ ಹೆಚ್ಚಾದಾಗ ತಾನೇ ಹೊತ್ತಿಕೊಳ್ಳುವಂತೆ ಥರ್ಮೋಸ್ಟಾಟ್ ಜೋಡಿಸುತ್ತಾರೆ. ಇಡೀ ರಾತ್ರಿ ಬಿಸಿಯಾಗಿಡುವ ಅಗತ್ಯವಿಲ್ಲ. ಬೆಳೆದ ಆಮೆಗೆ ಒಳಗೆ 10ರಿಂದ 15 ಡಿಗ್ರಿ ಉಳಿದರೆ ಸಾಕು. ಮರಿಗಳನ್ನು ಮಾತ್ರ ರಾತ್ರಿ ಮನೆಯೊಳಗೇ ಇಟ್ಟುಕೊಳ್ಳುವುದು ಕ್ಷೇಮ.

ಇದನ್ನೋದಿ ತಮ್ಮ ಮನೆಗೂ ಆಮೆಯೊಂದು ಬರಲಿ ಎಂದು ಮಕ್ಕಳು ಹಟ ಹಿಡಿದರೆ ಹಿರಿಯರು ಒಪ್ಪುವಂತಿಲ್ಲ. ನಮ್ಮ ಕುರುಚಲು ಕಾಡಿನ ನಕ್ಷತ್ರ ಆಮೆಯನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಇಂಗ್ಲೆಂಡಿನಲ್ಲಿಯೂ ಕಾಡಿನಿಂದ ಹಿಡಿದ ಮೆಡಿಟರೇನಿಯನ್ ಆಮೆಗಳನ್ನು ತಂದು ಮಾರುವುದು 1984ರಲ್ಲಿ ನಿಂತಿತು. ಈಗ ಮಾರುವುದು ಸಾಕಿದ ಆಮೆಗಳ ಮರಿಗಳನ್ನು, ಅದೂ ಸರ್ಕಾರದ ಪತ್ರದೊಂದಿಗೆ.

ಹಲಗೆಯ ಮನೆ ನಡೆಯುವುದು ಶರತ್ಕಾಲದವರೆಗೆ. ಚಳಿಗಾಲದ ದೀರ್ಘನಿದ್ರೆಗೆ 5 ಡಿಗ್ರಿಯ ಆಸುಪಾಸಿನ ತಂಪು ಅಲುಗಾಡದೆ ನಿಲ್ಲಬೇಕು. ಸೊನ್ನೆಗಿಂತ ಕೆಳಗಿಳಿದರೆ ಕಣ್ಣು ಕುರುಡಾಗುವ ಭಯ, ಹತ್ತಕ್ಕೇರಿದರೆ ಅರೆಬರೆ ಎಚ್ಚರವಾಗಿ ಸೊರಗುತ್ತದೆ. ಇದಕ್ಕೆ ಅಲ್ಲಿನವರು ಕಂಡುಕೊಂಡಿರುವ ಉಪಾಯ ಫ್ರಿಜ್! ಆರೋಗ್ಯವಾಗಿರುವ ಆಮೆಯನ್ನು ತೂಗಿ ನೋಡಿ, ಹೊಟ್ಟೆ ಖಾಲಿಯಾದ ಮೇಲೆ ಮಣ್ಣು ತುಂಬಿದ ಡಬ್ಬಿಯಲ್ಲಿ ಒಳಗಿಟ್ಟು, ಗಾಳಿಗಾಗಿ ಆಗಾಗ ಬಾಗಿಲು ತೆರೆಯುತ್ತಾರೆ. ನನ್ನ ತಂಗಿ ಮಗಳ ಬಾಣಂತನಕ್ಕೆಂದು ಹೋದದ್ದು ಡಿಸೆಂಬರಿನಲ್ಲಿ. ಗ್ಯಾರೇಜಿನ ಹಳೆಯ ಫ್ರಿಜ್ಜಿನಲ್ಲಿ ಮೊಸರಿದೆಯೇನೋ ಎಂದು ತೆರೆದವಳು ಡಬ್ಬಿಯ ಮುಚ್ಚಳ ತೆಗೆದು, ಹಾಗೆಯೇ ಮುಚ್ಚಿ, ಅಂದು ಮಜ್ಜಿಗೆಯಿಲ್ಲದೆಯೇ ಊಟ ಮುಗಿಸಿದಳಂತೆ.