ವಾಕಿಟಾಕಿ ಬಿಸಿಯಾಗುವುದೇಕೆ? ಮಾತಿಗೂ ಸಮಯದ ಮಿತಿ ಯಾಕೆ? ಇಲ್ಲಿದೆ ವಿವರ

2015ರ ಡಿಸೆಂಬರ್‌ನಲ್ಲಿ ಚೆನ್ನೈ ಪ್ರವಾಹದಲ್ಲಿ ಮುಳುಗಿ ಮೊಬೈಲ್ ಸಂಪರ್ಕ ಕೈಕೊಟ್ಟಾಗ, ಸಂದೇಶ ಮುಟ್ಟಿಸಲು ಹ್ಯಾಮ್ ರೇಡಿಯೋ ಹವ್ಯಾಸಿಗಳು ನೆರವಾಗಿದ್ದರು. ಇಂಥ ಹೊತ್ತಿನಲ್ಲಿ ಕೈಯಲ್ಲಿರುವ ಸೆಟ್ಟೇ ಕಾದು ಕೆಟ್ಟುಹೋದರೆ? ಹಾಗಾಗದಿರಲೆಂದೇ ಮಾತಿಗೆ ಸಮಯದ ಮಿತಿ ಇರುತ್ತದೆ.

ಶಾಖ ಎಲ್ಲಿಂದ ಬರುತ್ತದೆ?

ಬ್ಯಾಟರಿಯ ವಿದ್ಯುತ್ತೆಲ್ಲ ರೇಡಿಯೋ ಅಲೆಯಾಗುವುದಿಲ್ಲ. ದಕ್ಷತೆ ಶೇ.50 ಎಂದುಕೊಂಡರೆ, 5 ವ್ಯಾಟ್ ಪ್ರಸಾರ ಮಾಡುವ ಸೆಟ್ 10 ವ್ಯಾಟ್ ಎಳೆದುಕೊಳ್ಳುತ್ತದೆ. ಉಳಿದ 5 ವ್ಯಾಟ್ ಶಾಖವಾಗುತ್ತದೆ. ಎಫ್‌ಎಂ ಸೆಟ್‌ನಲ್ಲಂತೂ ಬಟನ್ ಒತ್ತಿ ಸುಮ್ಮನಿದ್ದರೂ ಪೂರ್ತಿ ಪವರ್ ಹೋಗುತ್ತಲೇ ಇರುತ್ತದೆ. ಅಂಗೈಯಗಲದ ಸೆಟ್‌ನಲ್ಲಿ ಫ್ಯಾನ್ ಇಲ್ಲ, ಶಾಖ ಹೊರಹೋಗಲು ಅದರ ಮೈಯೊಂದೇ ದಾರಿ.

ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದು ಹೇಳುವಾಗ ಕಂಪನಿಗಳು ಸಾಮಾನ್ಯವಾಗಿ 5-5-90 ಲೆಕ್ಕ ಹಿಡಿಯುತ್ತವೆ. ಅಂದರೆ ಶೇ.5 ಮಾತು, ಶೇ.5 ಕೇಳುವುದು, ಶೇ.90 ಸುಮ್ಮನಿರುವುದು. ನಿಮಿಷಕ್ಕೆ ಮಾತು ಬರೀ 3 ಸೆಕೆಂಡ್!

ಟೈಮ್ ಔಟ್ ಟೈಮರ್ ಏನು ಮಾಡುತ್ತದೆ?

ನಿಗದಿತ ಸಮಯ ಮೀರಿದರೆ ಇದು ಪ್ರಸಾರವನ್ನು ತಾನೇ ನಿಲ್ಲಿಸುತ್ತದೆ. ಸೀಟಿನ ಸಂದಿಯಲ್ಲಿ ಸಿಕ್ಕಿ ಬಟನ್ ಒತ್ತಿಕೊಂಡಿದ್ದರೂ ಚಾನೆಲ್ ಬೇರೆಯವರಿಗೆ ಮುಚ್ಚಿಹೋಗುವುದಿಲ್ಲ. ಆದರೆ ಒಂದು ವಿಷಯ ನೆನಪಿರಲಿ. ಬಟನ್ ಬಿಟ್ಟು ತಕ್ಷಣ ಮತ್ತೆ ಒತ್ತಿದರೆ ಅನೇಕ ಸೆಟ್‌ಗಳಲ್ಲಿ ಟೈಮರ್ ಸೊನ್ನೆಯಿಂದ ಶುರುವಾಗುತ್ತದೆ, ಒಳಗಿನ ಶಾಖ ಮಾತ್ರ ಹಾಗೇ ಇರುತ್ತದೆ.

ಎಲ್ಲಾ ಮಿತಿಯೂ ಶಾಖಕ್ಕಲ್ಲ

ಯುರೋಪ್‌ನಲ್ಲಿ ಲೋರಾ ಮಾಡ್ಯೂಲ್‌ಗಳು ಬಳಸುವ 868.0-868.6 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಸಾಮಾನ್ಯ ಮಿತಿ ಶೇ.1, ಅಂದರೆ ಗಂಟೆಗೆ 36 ಸೆಕೆಂಡ್. ಇದು ಎಲ್ಲರಿಗೂ ತರಂಗಾಂತರ ಸಿಗಲಿ ಎಂದು ಮಾಡಿದ ನಿಯಮ.

ಸೆಟ್ ಕಾಪಾಡುವುದು ಹೇಗೆ?

* ಹತ್ತಿರದವರ ಜತೆ ಮಾತಾಡುವಾಗ 5 ವ್ಯಾಟ್ ಬದಲು 1 ವ್ಯಾಟ್ ಇಡಿ.
* ಆಂಟೆನಾ ಇಲ್ಲದೆ ಬಟನ್ ಒತ್ತಲೇಬೇಡಿ. ಎಸ್‌ಡಬ್ಲ್ಯೂಆರ್ 3 ಆದರೆ ಶೇ.25ರಷ್ಟು ಪವರ್ ಆಂಟೆನಾದಿಂದ ವಾಪಸ್ ಬರುತ್ತದೆ. ಆಂಟೆನಾವೇ ಇಲ್ಲದಿದ್ದರೆ ಹೆಚ್ಚುಕಡಿಮೆ ಎಲ್ಲವೂ ವಾಪಸ್.
* ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಸೆಟ್ ಬಿಡಬೇಡಿ.
* ಹೇಳುವುದನ್ನು ಮೊದಲೇ ಯೋಚಿಸಿ, ಚಿಕ್ಕದಾಗಿ ಹೇಳಿ, ನಡುವೆ ಬಿಡುವು ಕೊಡಿ. ಸೆಟ್ ತಣ್ಣಗಾಗುತ್ತದೆ, ತುರ್ತು ಸಂದೇಶ ಇದ್ದವರಿಗೂ ದಾರಿ ಸಿಗುತ್ತದೆ.