ಪಂಜಿನ ಎಣ್ಣೆ

ಕ್ರಿ.ಶ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಉತ್ಸವವನ್ನು ಆರಂಭಿಸಿದ ಕಾಲಕ್ಕೆ ರಾತ್ರಿಯ ಬೆಳಕೆಂದರೆ ಎಣ್ಣೆಯ ಬೆಳಕೇ. ಇಂದು ವಿದ್ಯುದ್ದೀಪಗಳಿದ್ದರೂ ಪಂಜು ಮರೆಯಾಗಿಲ್ಲ. ವಿಜಯದಶಮಿಯ ಸಂಜೆ ಮೈಸೂರಿನ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನಡೆಯುತ್ತದೆ. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಕಡೆಯ ಊರಹಬ್ಬಗಳಲ್ಲಿಯೂ ಪಂಜು ಹಿಡಿಯುವವರಿದ್ದಾರೆ. ಬದಲಾಗಿರುವುದು ಎಣ್ಣೆ. ಹರಳೆಣ್ಣೆ, ಹೊಂಗೆಎಣ್ಣೆಗಳ ಜಾಗಕ್ಕೆ ಸೀಮೆಎಣ್ಣೆ ಬಂದಿತು. ಅದೂ ಸುಲಭವಾಗಿ ಸಿಕ್ಕದಿರುವ ಈಗ ಪೆಟ್ರೋಲನ್ನು ಸುರಿಯುವ ಸಾಹಸಿಗಳೂ ಉಂಟು.

ಉರಿಯುವುದು ಎಣ್ಣೆಯಲ್ಲ, ಅದರ ಆವಿ. ಮೇಣದಬತ್ತಿಯೊಂದನ್ನು ಮೆಲ್ಲನೆ ಊದಿ ಆರಿಸಿದರೆ ಬಿಳಿಯ ಹೊಗೆಯ ಎಳೆ ಮೇಲೇಳುತ್ತದೆ. ಗೀರಿದ ಕಡ್ಡಿಯನ್ನು ಬತ್ತಿಗೆ ಸೋಕಿಸದೆ ಆ ಹೊಗೆಗೆ ಮಾತ್ರ ಹಿಡಿಯಿರಿ: ಜ್ವಾಲೆ ಹೊಗೆಯ ಹಾದಿಯಲ್ಲಿಯೇ ಕೆಳಗಿಳಿದು ಬತ್ತಿಯನ್ನು ಹೊತ್ತಿಸುತ್ತದೆ. ನನ್ನ ತರಗತಿಯಲ್ಲಿ ಇದನ್ನು ಇಂದ್ರಜಾಲವೆಂದೇ ತಿಳಿಯುವವರಿರುತ್ತಾರೆ. ಆ ಹೊಗೆ ಮೇಣದ ಆವಿ ತಣಿದು ಉಂಟಾದ ಸೂಕ್ಷ್ಮ ಕಣಗಳಲ್ಲದೆ ಬೇರೆಯಲ್ಲ. ಆರಿದ ಪಂಜಿನಿಂದ ಏಳುವ ಬಿಳಿ ಹೊಗೆಯೂ ಇದೇ ಜಾತಿಯದು.

ಕಿಡಿ ತಾಕಿದೊಡನೆ ಹೊತ್ತಿಕೊಳ್ಳುವಷ್ಟು ಆವಿಯನ್ನು ದ್ರವವು ಕೊಡತೊಡಗುವ ಕನಿಷ್ಠ ಉಷ್ಣತೆಗೆ ಜ್ವಲನಬಿಂದುವೆಂದು ಹೆಸರು. ಹರಳೆಣ್ಣೆಗೆ ಇದು ೨೦೦ ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಅದರಲ್ಲಿ ಅದ್ದಿದ ಕಡ್ಡಿ ನಂದಿಹೋಗುತ್ತದೆ. ಬತ್ತಿಯ ಎಳೆಗಳಲ್ಲಿ ಏರಿದ ಅಲ್ಪ ಎಣ್ಣೆ ಜ್ವಾಲೆಯಲ್ಲಿ ಕಾದಾಗ ಮಾತ್ರ ಉರಿಯುತ್ತದೆ. ನಮ್ಮ ಹಿರಿಯರಿಗೆ ಜ್ವಲನಬಿಂದುವಿನ ಹೆಸರು ತಿಳಿಯದಿದ್ದರೂ ಅವರ ಆಯ್ಕೆ ಕೆಟ್ಟದ್ದಾಗಿರಲಿಲ್ಲ. ಪೆಟ್ರೋಲಿನ ಜ್ವಲನಬಿಂದುವಾದರೋ ಶೂನ್ಯಕ್ಕಿಂತ ಸುಮಾರು ೪೦ ಡಿಗ್ರಿ ಕೆಳಗೆ. ಮಾಘದ ಚಳಿಯಲ್ಲಿಯೂ ಅದು ಆವಿಯನ್ನು ಕೊಡುತ್ತಲೇ ಇರುತ್ತದೆ. ಗಾಳಿಗಿಂತ ಮೂರು ನಾಲ್ಕು ಪಾಲು ಭಾರವಾದ ಆ ಆವಿ, ನೀರಿನಂತೆ ತಗ್ಗನ್ನು ಹುಡುಕಿ ಹರಿದು, ದೂರದ ಬೆಂಕಿಯನ್ನು ಡಬ್ಬಿಯವರೆಗೆ ಕರೆತರಬಲ್ಲದು. ಪಂಜಿಗೆ ಪೆಟ್ರೋಲು ಸಲ್ಲದು.

ಸೀಮೆಎಣ್ಣೆಯ ವಿಷಯ ಹೆಚ್ಚು ಸೂಕ್ಷ್ಮ. ಭಾರತದ ಮಾನಕದಂತೆ ಅದರ ಜ್ವಲನಬಿಂದು ೩೫ ಡಿಗ್ರಿಗೆ ಕಡಮೆಯಿರಬಾರದು. ತಂಪಾದ ರಾತ್ರಿಯಲ್ಲಿ ಇದು ಸಾಕಷ್ಟು ರಕ್ಷಣೆ. ಆದರೆ ಬೇಸಗೆಯ ಬಿಸಿಲಿನಲ್ಲಿಟ್ಟ ಅಥವಾ ಕೊಂಡದ ಕೆಂಡದ ಬಳಿಯಿಟ್ಟ ಡಬ್ಬಿಯಲ್ಲಿ ಆ ಮಿತಿ ಸದ್ದಿಲ್ಲದೆ ದಾಟಿರುತ್ತದೆ. ಉರಿಯುವ ಪಂಜಿಗೆ ಮೇಲಿನಿಂದ ಎಣ್ಣೆ ಹೊಯ್ಯುವಾಗಲೂ ಇದೇ ಅಪಾಯ. ಜ್ವಾಲೆ ಧಾರೆಯನ್ನು ಹಿಡಿದು ಕೈಗೆ ಏರುತ್ತದೆ. ಪಂಜನ್ನು ಪೂರ್ಣವಾಗಿ ಆರಿಸಿ, ತಣಿಸಿ, ದೂರ ಒಯ್ದು ಅದ್ದಿ, ಹೆಚ್ಚಿನ ಎಣ್ಣೆಯನ್ನು ಹಿಂಡಿದ ಬಳಿಕವೇ ಹೊತ್ತಿಸಬೇಕು. ಹಿಂಡದ ಪಂಜನ್ನು ಬೀಸಿದರೆ ಉರಿಯುವ ಹನಿಗಳು ಸಿಡಿದು ಜನರ ಮೇಲೆ ಬೀಳುತ್ತವೆ.

ಬಾಯಲ್ಲಿ ಸೀಮೆಎಣ್ಣೆ ತುಂಬಿ ಜ್ವಾಲೆಯುಗುಳುವ ಆಟವನ್ನು ನಾನು ಯಾವ ಎಚ್ಚರಿಕೆಯೊಡನೆಯೂ ಒಪ್ಪಲಾರೆ. ತುಂತುರಾದ ಎಣ್ಣೆಗೆ ಹೊರಮೈ ಅಪಾರವಾಗಿ ಹೆಚ್ಚುವುದರಿಂದ ಅದು ಜ್ವಲನಬಿಂದುವಿಗೆ ಕಾಯದೆ ಉರಿಯುತ್ತದೆ. ಗಾಳಿ ತಿರುಗಿದರೆ ಜ್ವಾಲೆಯೂ ಮುಖಕ್ಕೆ ತಿರುಗುತ್ತದೆ. ಇನ್ನೂ ಕೆಟ್ಟದ್ದು, ಕೆಮ್ಮೊಂದು ಬಂದು ಒಂದು ಗುಟುಕು ಶ್ವಾಸನಾಳಕ್ಕಿಳಿಯುವುದು. ತೆಳುವಾದ ಆ ದ್ರವ ಶ್ವಾಸಕೋಶದಲ್ಲಿ ಬೇಗನೆ ಹರಡಿ ಉರಿಯೂತವನ್ನುಂಟುಮಾಡುತ್ತದೆ. ನುಂಗಿದವನಿಗೆ ವಾಂತಿ ಮಾಡಿಸಬಾರದು. ಹಾಗೆ ಮಾಡಿದರೆ ಎಣ್ಣೆ ಮತ್ತೊಮ್ಮೆ ಶ್ವಾಸನಾಳದ ಬಾಗಿಲಿಗೆ ಬರುತ್ತದೆ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಪಂಜು ಹಿಡಿಯುವವರು ನೈಲಾನು, ಪಾಲಿಯೆಸ್ಟರುಗಳನ್ನು ಉಡಬಾರದು. ಅವು ಕರಗಿ ಚರ್ಮಕ್ಕೆ ಅಂಟುತ್ತವೆ. ಮೈಗಪ್ಪುವ ಹತ್ತಿಯ ಬಟ್ಟೆ ಮೇಲು. ಬಳಿಯಲ್ಲಿ ಒಂದು ಬಕೀಟು ಮರಳು, ಒಂದು ಒದ್ದೆ ಕಂಬಳಿ ಇರಲಿ: ಉಣ್ಣೆ ಸುಲಭವಾಗಿ ಹೊತ್ತದು, ಹೊದಿಸಿದರೆ ಗಾಳಿಯನ್ನು ತಡೆಯುತ್ತದೆ. ಸುಟ್ಟ ಗಾಯದ ಮೇಲೆ ೨೦ ನಿಮಿಷ ತಣ್ಣೀರು ಹರಿಯಬೇಕು, ಶಾಯಿಯಲ್ಲ, ಬೆಣ್ಣೆಯೂ ಅಲ್ಲ.